ಕಾಲುವೆ ಮಣ್ಣು ಹೊತ್ತವಳ ಹೆಸರು ಹುಡುಕುತ್ತಾ

ಹಬ್ಬದ ಅಡಿಗೆ ಯಾರಿಂದ ಕಲಿತಿರಿ ಅಂತ ಕೇಳಿದರೆ ನಾವು ಹೆಂಗಸರು ತಡವರಿಸುವುದಿಲ್ಲ. ಅತ್ತೆಯಿಂದ, ಅತ್ತೆ ಅವರ ಅತ್ತೆಯಿಂದ, ಅವರು ಅವರತ್ತೆಯಿಂದ ಎಂದು ಮೂರು ತಲೆಮಾರು ಒಪ್ಪಿಸಿಬಿಡುತ್ತೇವೆ. ಆದರೆ ಆ ಮೂರನೆಯ ಅತ್ತೆಯ ಹೆಸರೇನು ಅಂತ ಕೇಳಿ ನೋಡಿ. ಬಾಯಿ ಕಟ್ಟಿಹೋಗುತ್ತದೆ. ಗಂಡಸರ ಹೆಸರಾದರೂ ಪಹಣಿಯಲ್ಲೋ, ಸಾಲದ ಪತ್ರದಲ್ಲೋ, ಗಣಿಯ ಹಾಜರಿ ಪುಸ್ತಕದಲ್ಲೋ ಉಳಿದಿರುತ್ತದೆ. ಹೆಂಗಸಿನ ಹೆಸರು ಎಲ್ಲಿ ಉಳಿಯಬೇಕು ಹೇಳಿ? ನಮ್ಮ ಮನೆಯಲ್ಲಿ ಅಂಥ ಒಂದು ಹೆಸರು ಉಳಿದದ್ದು ಒಂದು ಹಳೆಯ ಬ್ಯಾಪ್ಟಿಸ್ಟ್ ಸಭೆಯ ಪುಸ್ತಕದಲ್ಲಿ. ಅದನ್ನು ಹುಡುಕಲು ಹೋಗಿ ಆ ಸಭೆಯ ಚರಿತ್ರೆಯನ್ನೇ ಓದಬೇಕಾಯಿತು. ಓದಿದ್ದನ್ನೂ ಕಂಡದ್ದನ್ನೂ ನಿಮ್ಮ ಮುಂದೆ ಇಡುತ್ತಿದ್ದೇನೆ.

ನನ್ನ ತವರು ಕೋಲಾರದ ಹತ್ತಿರ. ಕನ್ನಡ ಮಾತಾಡುವ ಮೆಥಡಿಸ್ಟ್ ಕುಟುಂಬ. ಕೊಟ್ಟದ್ದು ಕೆಜಿಎಫ್‌ಗೆ, ತೆಲುಗು ಮಾತಾಡುವ ಬ್ಯಾಪ್ಟಿಸ್ಟರ ಮನೆಗೆ. ಚಿನ್ನದ ಗಣಿಯಲ್ಲಿ ತಲೆಮಾರುಗಳ ಕಾಲ ದುಡಿದ ಮನೆತನ ಅದು. ಗಣಿ 2001ರಲ್ಲಿ ಮುಚ್ಚಿಹೋಯಿತು, ಮಕ್ಕಳು ಮರಿ ಬೆಂಗಳೂರಿನ ರೈಲು ಹತ್ತುವವರಾದರು, ಆದರೆ ಅಡಿಗೆಮನೆ ಮಾತ್ರ ಇನ್ನೂ ಹಳೇ ಊರಲ್ಲೇ ಇದೆ. ಸುತ್ತಲೂ ರಾಗಿಮುದ್ದೆ ಉಣ್ಣುವ ಜನದ ನಡುವೆ ನಮ್ಮತ್ತೆ ವಾರಕ್ಕೊಮ್ಮೆ ಜೋಳದ ಸಂಗಟಿ ಮಾಡದೆ ಬಿಡುತ್ತಿರಲಿಲ್ಲ. ಜೊತೆಗೆ ಗೋಂಗೂರ, ಅಂದರೆ ನಮ್ಮ ಪುಂಡಿ ಸೊಪ್ಪು. ‘ಇದು ಒಂಗೋಲಿನ ಕಡೇದು’ ಅನ್ನುತ್ತಿದ್ದರು. ಒಂಗೋಲು ಅಂದರೆ ನಮ್ಮ ಕಡೆ ರೈತರಿಗೆ ಬಿಳೀ ಎತ್ತಿನ ನೆನಪು. ನಮ್ಮ ಮನೆಯವರಿಗೆ ಅದು ಮೂಲ ಊರು. ಅಷ್ಟು ಬಿಟ್ಟರೆ ಯಾರಿಗೂ ಏನೂ ಗೊತ್ತಿರಲಿಲ್ಲ.

ಗೊತ್ತಿಲ್ಲದೆಯೇ ನಡೆದುಹೋಗುತ್ತಿತ್ತೋ ಏನೋ. ನಾಲ್ಕು ವರ್ಷದ ಹಿಂದೆ ನೆಂಟರೊಬ್ಬರ ಮನೆಯ ನಿಶ್ಚಿತಾರ್ಥದಲ್ಲಿ, ಊಟದ ಪಂಕ್ತಿಯಲ್ಲಿ, ಪಕ್ಕದಲ್ಲಿದ್ದ ಹಿರಿಯರೊಬ್ಬರು ನಗುನಗುತ್ತಲೇ, ‘ನಿಮ್ಮೋರು ಬರದ ಕಾಲದಲ್ಲಿ ಗಂಜಿಗೋಸ್ಕರ ಸೇರಿದೋರಲ್ವಾ?’ ಅಂದುಬಿಟ್ಟರು. ನನ್ನ ಯಜಮಾನರು ತಲೆ ತಗ್ಗಿಸಿ ಊಟ ಮುಗಿಸಿದರು. ಕಾಲೇಜಿಗೆ ಹೋಗುವ ಮಗಳು ಬಿಡಲಿಲ್ಲ. ಮನೆಗೆ ಬಂದ ಮೇಲೆ, ‘ಅಮ್ಮಾ, ನಿಜಾನಾ? ಅನ್ನಕ್ಕೋಸ್ಕರ ಸೇರಿದ್ವಾ?’ ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸೊಸೆಯಾಗಿ ಬಂದವಳು ನಾನು, ಆದರೂ ಆ ಮಾತು ನನಗೇ ಹೆಚ್ಚು ಚುಚ್ಚಿತು. ಹಸಿದವಳು ಒಂದು ಹಿಡಿ ಅನ್ನಕ್ಕೆ ಕೈ ಚಾಚಿದರೆ ಅದರಲ್ಲಿ ನಗುವಂಥದ್ದೇನಿದೆ ಅಂತ ಒಂದು ಸಿಟ್ಟು. ನಿಜವಾಗಿ ನಡೆದದ್ದೇನು ಅಂತ ಇನ್ನೊಂದು ಕುತೂಹಲ.

ನಮ್ಮ ಮಾವನವರ ಅಕ್ಕ ಇನ್ನೂ ಇದ್ದಾರೆ. ಎಂಬತ್ತೆಂಟು ವರ್ಷ. ನಾವೆಲ್ಲ ದೊಡ್ಡತ್ತೆ ಅಂತ ಕರೆಯುತ್ತೇವೆ. ಅವರ ಹಾಸಿಗೆಯ ಕೆಳಗಿನ ಟ್ರಂಕಿನಲ್ಲಿ ಒಂದು ತೆಲುಗು ಬೈಬಲ್, ಅದರೊಳಗೆ ನಾಲ್ಕು ಮಡಿಕೆಯ ಒಂದು ಕಾಗದ. ಮಡಿಕೆ ಮಡಿಕೆಯಲ್ಲೂ ಹರಿದಿತ್ತು. ‘ನಮ್ಮ ಮುತ್ತಜ್ಜಿ ತಂದಿದ್ದು, ಏನಂತ ಗೊತ್ತಿಲ್ಲ, ಬಿಸಾಡಬಾರದು ಅಂತ ಇಟ್ಕೊಂಡಿದೀನಿ’ ಅಂದರು. ಓದಿಸಿ ನೋಡಿದರೆ ಅದು ಒಂದು ಸಭೆ ಇನ್ನೊಂದು ಸಭೆಗೆ ಬರೆದ ಪತ್ರ. ಗಂಡ ಹೆಂಡತಿ ಇಬ್ಬರೂ ನಮ್ಮ ಸಭೆಯವರು, ನಡತೆಯಲ್ಲಿ ದೋಷವಿಲ್ಲ, ದೂರದ ಊರಿಗೆ ದುಡಿಮೆಗೆ ಹೋಗುತ್ತಿದ್ದಾರೆ, ನಿಮ್ಮಲ್ಲಿ ಸೇರಿಸಿಕೊಳ್ಳಿ ಎಂಬ ಅರ್ಥದ್ದು.

ಇಲ್ಲಿ ಬ್ಯಾಪ್ಟಿಸ್ಟರ ಪದ್ಧತಿ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಮೆಥಡಿಸ್ಟರಲ್ಲಿ, ಸಿಎಸ್‌ಐನವರಲ್ಲಿ, ಕಥೋಲಿಕರಲ್ಲಿ ಕೂಸಿಗೇ ದೀಕ್ಷಾಸ್ನಾನ ಆಗುತ್ತದೆ. ಆದ್ದರಿಂದ ಚರ್ಚಿನ ಪುಸ್ತಕದಲ್ಲಿ ಮಗುವಿನ ಹೆಸರು, ತಂದೆತಾಯಿ ಹೆಸರು, ಹುಟ್ಟಿದ ದಿನ ಎಲ್ಲ ಸಿಕ್ಕಿಬಿಡುತ್ತದೆ. ವಂಶ ಹುಡುಕುವವರಿಗೆ ಹಬ್ಬ. ಬ್ಯಾಪ್ಟಿಸ್ಟರು ಕೂಸಿಗೆ ಕೊಡುವುದಿಲ್ಲ. ಬುದ್ಧಿ ಬಂದ ಮೇಲೆ, ತಾನೇ ಬಾಯಿಬಿಟ್ಟು ನಂಬಿಕೆ ಹೇಳಿಕೊಂಡವರಿಗೆ ಮಾತ್ರ, ಅದೂ ತಲೆಗೆ ನೀರು ಚಿಮುಕಿಸಿ ಅಲ್ಲ, ನದಿಯಲ್ಲೋ ತೊಟ್ಟಿಯಲ್ಲೋ ಪೂರಾ ಮುಳುಗಿಸಿ. ಹಾಗಾಗಿ ಅವರ ಪುಸ್ತಕದಲ್ಲಿ ಹುಟ್ಟಿದ ದಿನ ಸಿಗುವುದಿಲ್ಲ, ಒಬ್ಬ ಮನುಷ್ಯ ತಾನಾಗಿ ತೀರ್ಮಾನ ಮಾಡಿದ ದಿನ ಸಿಗುತ್ತದೆ. ಯೋಚಿಸಿ ನೋಡಿದರೆ ಹೆಂಗಸರ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ಗಂಡನ ಜೊತೆಗೆ ಲೆಕ್ಕಕ್ಕೆ ಸೇರಿಸುವುದಲ್ಲ, ಅವಳಿಗೆ ಅವಳದೇ ಒಂದು ದಿನ.

ಇನ್ನೊಂದು ತೊಡಕು ಏನೆಂದರೆ, ಅವರಲ್ಲಿ ಪ್ರತಿಯೊಂದು ಊರ ಸಭೆಯೂ ಸ್ವತಂತ್ರ. ಪುಸ್ತಕವೂ ಆಯಾ ಊರಿನದೇ. ಒಂದು ದೊಡ್ಡ ಕಚೇರಿಗೆ ಹೋಗಿ ಎಲ್ಲಾ ನೋಡಿಬಿಡುತ್ತೇನೆ ಅಂದರೆ ಆಗದು. ತೆಲುಗು ಬ್ಯಾಪ್ಟಿಸ್ಟ್ ಸಭೆಗಳೆಲ್ಲ ಸೇರಿ ‘ಸಮಾವೇಶಂ’ ಅಂತ ಮಾಡಿಕೊಂಡದ್ದೇ 1962ರಲ್ಲಿ. ಅದಕ್ಕೂ ಮುಂಚಿನದು ಬೇಕಾದರೆ ಊರೂರು ಅಲೆಯಬೇಕು. ನಮ್ಮ ಪುಣ್ಯಕ್ಕೆ ಪತ್ರದಲ್ಲಿ ಊರಿನ ಹೆಸರು ಅಳಿಸಿರಲಿಲ್ಲ. ಒಂಗೋಲಿಗೆ ಪಶ್ಚಿಮಕ್ಕೆ, ಪೊದಿಲಿಯ ಕಡೆಯ ಒಂದು ಹಳ್ಳಿ.

ಬಂಗಾರಪೇಟೆಯಲ್ಲಿ ರೈಲು ಹತ್ತಿ ಚೆನ್ನೈಗೆ, ಅಲ್ಲಿಂದ ವಿಜಯವಾಡದ ರೈಲಿನಲ್ಲಿ ಒಂಗೋಲಿಗೆ. ನಾನು, ಯಜಮಾನರು, ಮಗಳು. ಚಪಾತಿ, ಚಟ್ನಿಪುಡಿ ಕಟ್ಟಿಕೊಂಡಿದ್ದೆ, ಅದು ನೆಲ್ಲೂರಿಗೇ ಮುಗಿಯಿತು.

ನೆಲ್ಲೂರಿನಿಂದಲೇ ಕತೆ ಶುರುವಾಗುವುದು. ಬ್ಯಾಪ್ಟಿಸ್ಟರು ಇಂಡಿಯಾಕ್ಕೆ ಬಂದದ್ದು ಅದಕ್ಕೂ ಮೊದಲೇ. ಬಂಗಾಳದ ಸೀರಾಂಪುರದಲ್ಲಿದ್ದ ವಿಲಿಯಂ ಕೇರಿ ಬ್ಯಾಪ್ಟಿಸ್ಟರೇ. ಅಷ್ಟು ದೂರದಲ್ಲಿ ಕೂತು 1817ರಲ್ಲಿ ಕನ್ನಡಕ್ಕೊಂದು ವ್ಯಾಕರಣ ಬರೆದು ಅಚ್ಚು ಹಾಕಿಸಿದ ಪುಣ್ಯಾತ್ಮ. ಆದರೆ ತೆಲುಗು ನಾಡಿಗೆ ಬಂದವರು ಅಮೆರಿಕದ ಬ್ಯಾಪ್ಟಿಸ್ಟರು. ಸ್ಯಾಮುಯೆಲ್ ಡೇ ಎಂಬವರು 1840ರಲ್ಲಿ ನೆಲ್ಲೂರಿನಲ್ಲಿ ನೆಲೆ ನಿಂತರು. ವರ್ಷಗಳು ಕಳೆದರೂ ಸೇರಿದವರು ಬೆರಳೆಣಿಕೆ. ಅಮೆರಿಕದಲ್ಲಿ ದುಡ್ಡು ಕೊಡುವವರಿಗೆ ಬೇಸರ ಬಂದು, ಇದನ್ನು ಮುಚ್ಚಿಬಿಡೋಣ ಅಂತ ಒಂದು ಸಾರಿಯಲ್ಲ, ಹಲವು ಸಾರಿ ಚರ್ಚೆಯಾಯಿತು. ನಕ್ಷೆಯಲ್ಲಿ ಅವರ ಮಿಶನ್ ಇರುವ ಕಡೆಗೆಲ್ಲ ಒಂದೊಂದು ನಕ್ಷತ್ರ ಗುರುತು, ಇಡೀ ತೆಲುಗು ಸೀಮೆಗೆ ನೆಲ್ಲೂರಿನದೊಂದೇ. ಅದಕ್ಕೇ ‘ಒಂಟಿ ನಕ್ಷತ್ರ’ ಅಂತ ಹೆಸರು ಬಂತು. 1853ರಲ್ಲಿ ಆ ಹೆಸರಿನ ಮೇಲೆ ಅಲ್ಲೊಬ್ಬರು ಪದ್ಯವನ್ನೇ ಬರೆದರು, ಆ ಸಲಕ್ಕೆ ಮುಚ್ಚುವ ಮಾತು ನಿಂತಿತು. ಒಂದು ಪದ್ಯದಿಂದ ಒಂದು ಕೆಲಸ ಉಳಿದದ್ದು ನಾನು ಕೇಳಿದ್ದು ಇದೇ ಮೊದಲು.

1854ರ ಹೊಸ ವರ್ಷದ ದಿನ, ಇನ್ನೂ ಬೆಳಕು ಹರಿಯುವ ಹೊತ್ತಿಗೆ, ಲೈಮನ್ ಜ್ಯೂಯೆಟ್ ಎಂಬ ಮಿಶನರಿ, ಅವರ ಹೆಂಡತಿ, ಜೊತೆಗೆ ಮೂವರು ತೆಲುಗು ಜನ ಒಂಗೋಲಿನ ಗುಡ್ಡ ಹತ್ತಿ, ಈ ಊರಿಗೆ ಯಾರನ್ನಾದರೂ ಕಳಿಸಪ್ಪಾ ಅಂತ ಪ್ರಾರ್ಥನೆ ಮಾಡಿದರಂತೆ. ಆ ಗುಡ್ಡಕ್ಕೆ ಈಗಲೂ ಪ್ರಾರ್ಥನೆಯ ಗುಡ್ಡ ಅಂತಲೇ ಹೆಸರು. ನಾವೂ ಹತ್ತಿದೆವು. ನನ್ನ ಮಂಡಿ ನೋವಿಗೆ ಅರ್ಧದಲ್ಲೇ ಎರಡು ಸಲ ಕೂತೆ. ಮೂವರು ತೆಲುಗು ಜನ ಅಂದೆನಲ್ಲ, ಅದರಲ್ಲಿ ಇಬ್ಬರು ಹೆಂಗಸರು, ಜೂಲಿಯಾ ಮತ್ತು ರೂತ್. ಐದು ಜನರಲ್ಲಿ ಮೂರು ಹೆಣ್ಣು. ಹೇಳುವವರು ಜ್ಯೂಯೆಟ್ ಹೆಸರನ್ನೇ ಹೇಳುತ್ತಾರೆ, ಅದಕ್ಕೇ ನಾನು ಇದನ್ನು ಬಿಡಿಸಿ ಬರೆದೆ.

ಕೊನೆಗೆ ಒಂಗೋಲಿಗೆ 1866ರಲ್ಲಿ ಬಂದವರು ಜಾನ್ ಎವರೆಟ್ ಕ್ಲಫ್ ಮತ್ತು ಅವರ ಹೆಂಡತಿ ಹ್ಯಾರಿಯೆಟ್. ಕ್ಲಫ್ ಮೊದಲು ಅಮೆರಿಕದಲ್ಲಿ ಭೂಮಿ ಅಳೆಯುವ ಸರ್ವೇ ಕೆಲಸದಲ್ಲಿದ್ದವರು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 1867ರ ಜನವರಿ 1ರಂದು ಎಂಟೇ ಜನರಿಂದ ಒಂಗೋಲಿನ ಸಭೆ ಶುರುವಾಯಿತು. ಆ ಹೊತ್ತಿಗೆ ಊರಿನ ಮೇಲುಜಾತಿಯವರು ಮಕ್ಕಳನ್ನು ಇವರ ಶಾಲೆಗೆ ಕಳಿಸಲು ಒಪ್ಪಿದ್ದರು. ಇನ್ನೊಂದು ಕಡೆಯಿಂದ ಬರತೊಡಗಿದವರು ಹಳ್ಳಿಯಾಚೆಯ ಕೇರಿಯ ಮಾದಿಗರು, ಚರ್ಮದ ಕೆಲಸದವರು. ಅವರಿಗೆ ದಾರಿ ತೋರಿದವನು ಯೆರ್ರಗುಂಟ್ಲ ಪೇರಯ್ಯ. ಚರ್ಮದ ವ್ಯಾಪಾರಕ್ಕೆ ಉತ್ತರಕ್ಕೆ ಏಲೂರಿನ ಕಡೆಗೆ ಹೋಗಿ, ಅಲ್ಲಿ ಈ ಮಾತು ಕೇಳಿ ಬಂದವನು. ಅವನೂ ಹೆಂಡತಿ ನಾಗಮ್ಮನೂ 1866ರಲ್ಲೇ ಸೇರಿದ್ದರು. ಕೇರಿಯವರನ್ನು ಸೇರಿಸಿಕೊಂಡರೆ ನಮ್ಮ ಮಕ್ಕಳು ಬರುವುದಿಲ್ಲ ಅಂತ ಊರವರು ಅಂದರು. ಕ್ಲಫ್ ದಂಪತಿ ಕೇರಿಯವರನ್ನು ಬಿಡಲಿಲ್ಲ. ಶಾಲೆಯ ಮೇಲುಜಾತಿ ಮಕ್ಕಳು ಹೊರಟುಹೋದರು.

ನಮ್ಮ ಮನೆಯವರು ಯಾರು ಅಂತ ಇಷ್ಟರಲ್ಲಿ ನಿಮಗೆ ತಿಳಿದಿರಬೇಕು. ಈ ಕೇರಿಯವರೇ. ಮಗಳ ಮುಂದೆ ಇದನ್ನು ನಾವು ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ. ಒಂಗೋಲಿನ ಲಾಡ್ಜಿನ ರೂಮಿನಲ್ಲಿ, ಕಾಫಿ ಕುಡಿಯುತ್ತಾ, ಅವರಪ್ಪ ಹೇಳಿದರು. ‘ಅಷ್ಟೇನಾ? ಇದಕ್ಯಾಕೆ ಇಷ್ಟು ದಿನ ಮುಚ್ಚಿಟ್ರಿ?’ ಅಂದಳು. ಈಗಿನ ಮಕ್ಕಳು ನಮಗಿಂತ ಗಟ್ಟಿ.

ಈಗ ಬರದ ವಿಷಯ. 1876ರಿಂದ 1878ರವರೆಗಿನ ಆ ಬರವನ್ನು ನಮ್ಮ ಹಿರಿಯರು ಧಾತು ಈಶ್ವರ ಬರ ಎನ್ನುತ್ತಿದ್ದರು. ಧಾತು, ಈಶ್ವರ ಎರಡೂ ಸಂವತ್ಸರಗಳ ಹೆಸರು. ಆಗಿನ ಮೈಸೂರು ಸೀಮೆಯಲ್ಲೂ ಐದು ಜನರಲ್ಲಿ ಒಬ್ಬರಷ್ಟು ಜನ ಕಡಿಮೆಯಾದರು ಎಂದು ಲೆಕ್ಕ. ನಮ್ಮ ಕೋಲಾರದ ಕಡೆಯೂ ಆ ಹೆಸರು ಹೇಳಿದರೆ ಮುದುಕರು ಮುಖ ತಿರುಗಿಸುತ್ತಿದ್ದರು. ಒಂಗೋಲಿನಲ್ಲೂ ಅದೇ ಗತಿ. ಸರ್ಕಾರ ಬರಗಾಲದ ಕೆಲಸ ಅಂತ ಶುರುಮಾಡಿದ್ದರಲ್ಲಿ ಒಂದು ಸಮುದ್ರದ ಪಕ್ಕದಲ್ಲಿ ಹೋಗುವ ದೋಣಿ ಕಾಲುವೆ. ಆಗಿನ ಮದರಾಸಿನ ಗವರ್ನರ ಹೆಸರಿನಲ್ಲಿ ಬಕಿಂಗ್‌ಹ್ಯಾಮ್ ಕಾಲುವೆ ಅನ್ನುತ್ತಾರೆ. ಸರ್ವೇ ಬಲ್ಲ ಕ್ಲಫ್ ಅದರಲ್ಲಿ ಮೂರೂವರೆ ಮೈಲಿ ತೋಡುವ ಗುತ್ತಿಗೆ ಹಿಡಿದರು. ತಮ್ಮ ಬೋಧಕರನ್ನೇ ಮೇಸ್ತ್ರಿಗಳಾಗಿ ಮಾಡಿದರು. ಗಂಡಸರು ಅಗೆಯುವುದು, ಹೆಂಗಸರು ಬುಟ್ಟಿಯಲ್ಲಿ ಮಣ್ಣು ಹೊತ್ತು ದಂಡೆಗೆ ಹಾಕುವುದು. ಬೇಸರಕ್ಕೆ, ಆಯಾಸಕ್ಕೆ ಕೂತಾಗ ಬೋಧಕರ ಜೊತೆ ಮಾತು. ನಡುವೆ ಕಾಲರಾ ಬೇರೆ.

ದೊಡ್ಡತ್ತೆಯ ಮನೆಯಲ್ಲಿ ಒಂದು ಮಾತಿದೆ. ಯಾರಾದರೂ ಹೆಣ್ಣುಮಗು ಕೆಲಸಕ್ಕೆ ಹಿಂಜರಿದರೆ, ‘ಕಾಲುವೆ ಮಣ್ಣು ಹೊತ್ತ ತಲೆ ಕಣೇ ನಮ್ದು’ ಅನ್ನುತ್ತಾರೆ. ನಾನು ಮದುವೆಯಾಗಿ ಬಂದಾಗಿನಿಂದ ಕೇಳಿದ್ದೇನೆ. ಯಾವ ಕಾಲುವೆ ಅಂತ ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಗಣಿಯ ಊರಲ್ಲಿ ಕಾಲುವೆ ಎಲ್ಲಿ ಬಂತು? ಆ ಮೂರೂವರೆ ಮೈಲಿಯ ವಿಷಯ ಓದಿದ ದಿನ ನನಗೆ ಮೈ ಜುಮ್ಮೆಂದಿತು.

ಮುಖ್ಯವಾದ ಮಾತು ಇನ್ನು ಬರುತ್ತದೆ. ಕಾಲುವೆಯಲ್ಲಿ ದುಡಿದ ಸಾವಿರಾರು ಜನ ಆಗಲೇ ‘ನಮಗೂ ದೀಕ್ಷಾಸ್ನಾನ ಕೊಡಿ’ ಎಂದು ಕೇಳಿದರು. ಕ್ಲಫ್ ಕೊಡಲಿಲ್ಲ. ಅನ್ನಕ್ಕಾಗಿ ಸೇರಿದರು ಎಂಬ ಮಾತು ಆ ಕಾಲಕ್ಕೇ ಇತ್ತು, ಅದಕ್ಕೆ ಎಡೆಗೊಡಬಾರದು ಅಂತ. 1877ರ ಮಾರ್ಚಿಯಿಂದ 1878ರ ಜೂನ್ ನಡುವಿನವರೆಗೆ, ಅಂದರೆ ಸುಮಾರು ಹದಿನೈದು ತಿಂಗಳು, ಒಬ್ಬರಿಗೂ ದೀಕ್ಷಾಸ್ನಾನ ಆಗಲಿಲ್ಲ. ಕೂಲಿ ಕೊಡುತ್ತಿದ್ದ ಕಾಲ, ಪರಿಹಾರದ ಹಣ ಹಂಚುತ್ತಿದ್ದ ಕಾಲ, ಎರಡೂ ಇದರೊಳಗೇ. ಪರಿಹಾರದ ಹಣ ಮುಗಿಯಿತು, ಇನ್ನು ಕೊಡಲು ಏನೂ ಇಲ್ಲ ಎಂದು ತಿಳಿಸಿದ ಮೇಲೆಯೇ ಒಂಗೋಲಿಗೆ ಉತ್ತರಕ್ಕೆ ಹತ್ತು ಮೈಲಿಯ ವೆಲ್ಲಂಪಲ್ಲಿಯಲ್ಲಿ, ಗುಂಡ್ಲಕಮ್ಮ ನದಿಯ ದಡದಲ್ಲಿ ಜನ ಸೇರಿದರು. ಜುಲೈ 2ರಂದು 614 ಜನ, 3ರಂದು 2222 ಜನ, 4ರಂದು 700 ಜನ. ಮೂರು ದಿನಕ್ಕೆ 3536. ಕ್ಲಫ್ ನೀರಿಗಿಳಿಯಲಿಲ್ಲ. ಆರು ಜನ ತೆಲುಗು ಬೋಧಕರು ಇಬ್ಬಿಬ್ಬರಂತೆ ನಿಂತು, ದಣಿದವರ ಜಾಗಕ್ಕೆ ಇನ್ನಿಬ್ಬರು ಬಂದು, ಬೆಳಿಗ್ಗೆಯೂ ಮಧ್ಯಾಹ್ನದ ಮೇಲೂ ಕೊಟ್ಟರು. ಬೋಧಕರ ಕೈಯಲ್ಲಿ ಅವರವರ ಹಳ್ಳಿಗಳ ಹೆಸರುಪಟ್ಟಿ. ಒಬ್ಬೊಬ್ಬರ ಹೆಸರೂ ಕೂಗಿ ಕರೆಯುವುದು. ಆ ವರ್ಷದ ಕೊನೆಗೆ ಒಂಗೋಲಿನ ಸಭೆಯ ಲೆಕ್ಕ ಹನ್ನೆರಡು ಸಾವಿರ ದಾಟಿತ್ತು. ಎಂಟು ಜನರಿಂದ ಹನ್ನೊಂದು ಹನ್ನೆರಡು ವರ್ಷಕ್ಕೆ!

ಇದರಲ್ಲಿ ಬಹಳಷ್ಟು ಕ್ಲಫ್ ಅವರೇ ಹೇಳಿ ಬರೆಸಿದ ಮಾತು. ಅವರ ಎರಡನೆಯ ಹೆಂಡತಿ ಎಮ್ಮಾ ಅದನ್ನು ಬರೆದು, ಕ್ಲಫ್ 1910ರಲ್ಲಿ ತೀರಿಕೊಂಡ ಮೇಲೆ 1914ರಲ್ಲಿ ಪುಸ್ತಕವಾಗಿ ಬಂತು. ತನ್ನ ಮನೆ ಮೊಸರು ಹುಳಿ ಅಂತ ಯಾರೂ ಹೇಳುವುದಿಲ್ಲವಲ್ಲ. ಅದಕ್ಕೇ ನಾನು ಅವರ ಮಾತನ್ನು ಅವರ ಕಡೆಯ ಮಾತು ಅಂತಲೇ ಇಟ್ಟುಕೊಂಡೆ. ನನಗೆ ಬೇಕಾಗಿದ್ದದ್ದು ನಮ್ಮ ಕಡೆಯ ಮಾತು.

ಅದು ಸಿಕ್ಕಿದ್ದು ಪೊದಿಲಿ ಕಡೆಯ ಆ ಹಳ್ಳಿಯಲ್ಲಿ. ಹೆಂಚಿನ ಸಣ್ಣ ಚರ್ಚು, ಮುಂದೆ ಒಂದು ಬೇವಿನ ಮರ. ಪಾದ್ರಿಯವರು ಚಿಕ್ಕ ವಯಸ್ಸಿನವರು. ‘ಇದನ್ನು ಕೇಳಿಕೊಂಡು ಯಾರೂ ಬಂದಿಲ್ಲಮ್ಮ’ ಅನ್ನುತ್ತಾ ಬೀರುವಿನಿಂದ ತೆಗೆದು ತಂದರು. ಒಂದು ಉದ್ದ ಪುಸ್ತಕ, ಅಂಚೆಲ್ಲ ಹುಳು ತಿಂದದ್ದು. ಇನ್ನೂ ಹಳೆಯ ಪಟ್ಟಿಯಿಂದ ಯಾರೋ ಅಂದವಾಗಿ ನಕಲು ಮಾಡಿದ ಬರಹ. ಹೆಸರು, ಗಂಡನ ಅಥವಾ ತಂದೆಯ ಹೆಸರು, ಹಳ್ಳಿ, ಬೋಧಕ, ತಿಂಗಳು, ವರ್ಷ. ಮಗಳು ಫೋನಿನ ಬೆಳಕು ಹಿಡಿದಳು, ಯಜಮಾನರು ತೆಲುಗು ಓದುತ್ತಾ ಬೆರಳು ಇಳಿಸಿಕೊಂಡು ಬಂದರು. ಒಂದು ಗಂಟೆಯ ಮೇಲಾಗಿತ್ತು. ಬೆರಳು ನಿಂತಿತು.

1878, ಜುಲೈ. ಅವಳ ಹೆಸರು. ಪಕ್ಕದಲ್ಲಿ ಇಂಥವನ ಹೆಂಡತಿ ಅಂತ, ಪತ್ರದಲ್ಲಿದ್ದ ಅದೇ ಹೆಸರು. ಆದರೆ ಗಂಡನ ಹೆಸರಿನ ಸಾಲು ಆ ಪುಟದಲ್ಲಿ ಇಲ್ಲ! ಮುಂದಿನ ಪುಟದಲ್ಲೂ ಇಲ್ಲ. ಹುಡುಕುತ್ತಾ ಹೋದರೆ 1881ರಲ್ಲಿ ಸಿಕ್ಕಿತು. ಮೂರು ವರ್ಷ ತಡ. ಮನೆಯಲ್ಲಿ ಎಲ್ಲರೂ ‘ಮುತ್ತಾತ ಸೇರಿದ, ಅವನ ಹಿಂದೆ ಮನೆಯವರು ಸೇರಿದರು’ ಅಂತಲೇ ನಂಬಿದ್ದರು. ಪುಸ್ತಕ ಬೇರೆ ಹೇಳುತ್ತಿತ್ತು.

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ‘ಮನೆ ಹೆಸರು ಮನೇಲಿರಲಿ’ ಅಂತ ದೊಡ್ಡತ್ತೆಯ ಅಪ್ಪಣೆ. ಇಷ್ಟು ಮಾತ್ರ ಹೇಳಬಹುದು, ಅದು ಊರ ದೇವತೆಯ ಹೆಸರು. ಸೇರಿದ ಮೇಲೂ ಬದಲಾಗಿಲ್ಲ. ಪೇರಯ್ಯ, ಕನಕಯ್ಯ, ರಂಗಯ್ಯ ಅಂತ ಆ ಸಭೆಯ ದೊಡ್ಡ ಬೋಧಕರೇ ಹುಟ್ಟು ಹೆಸರಿನಲ್ಲೇ ಉಳಿದವರು. ಮೇರಿ, ಮಾರ್ಥಾ ಎಲ್ಲ ನಮ್ಮ ಮನೆಗೆ ಬಂದದ್ದು ಕೆಜಿಎಫ್‌ಗೆ ಬಂದ ಮೇಲೆ.

ಮೂರು ವರ್ಷ ಯಾಕೆ ತಡವಾಯಿತು? ವಾಪಸು ಬಂದು ದೊಡ್ಡತ್ತೆಯನ್ನು ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ‘ಅವನು ಡಪ್ಪು ಬಿಡ್ಬೇಕಿತ್ತಲ್ಲಮ್ಮ’ ಅಂದರು. ಡಪ್ಪು ಅಂದರೆ ತಮಟೆ. ಮುತ್ತಾತ ಊರ ತಮಟೆಯವನು.

ಆಗಲೇ ನನಗೆ ಗಂಜಿಯ ಲೆಕ್ಕ ತಿಳಿದದ್ದು. ಕ್ಲಫ್ ಸೇರುವವರಿಗೆ ಮೂರು ನಿಯಮ ಇಟ್ಟಿದ್ದರು. ಭಾನುವಾರ ಕೆಲಸ ಮಾಡಬಾರದು. ಸತ್ತ ದನದ ಮಾಂಸ ತಿನ್ನಬಾರದು. ವಿಗ್ರಹ ಪೂಜಿಸಬಾರದು. ಕೇಳಲಿಕ್ಕೆ ಮೂರು ಸಣ್ಣ ಮಾತು. ಹಳ್ಳಿಯಲ್ಲಿ ಕೂತು ನೋಡಿ. ವಿಗ್ರಹ ಪೂಜೆ ಬಿಟ್ಟವನು ಊರ ಜಾತ್ರೆಗೆ ತಮಟೆ ಹೊಡೆಯುವ ಹಾಗಿಲ್ಲ. ತಮಟೆ ಹೊಡೆಯದಿದ್ದರೆ, ಕರೆದಾಗ ಬಿಟ್ಟಿ ಕೆಲಸಕ್ಕೆ ಬಾರದಿದ್ದರೆ, ಸುಗ್ಗಿಯಲ್ಲಿ ಕಣದಿಂದ ಬರುವ ಆಯ ಇಲ್ಲ. ಅದು ವರ್ಷದ ಕಾಳು! ಸುಗ್ಗಿಯ ಭಾನುವಾರ ಹೊಲಕ್ಕೆ ಬರೋದಿಲ್ಲ ಅಂದರೆ ಯಜಮಾನ ಸುಮ್ಮನಿರುತ್ತಾನೆಯೆ? ಸೇರಿದವರಿಗೆ ಊರವರು ಕೊಟ್ಟ ಕಾಟಕ್ಕೆ, ಬಹಿಷ್ಕಾರಕ್ಕೆ ಲೆಕ್ಕವಿಲ್ಲ. ಎಂದರೆ, ಸೇರಿದ್ದರಿಂದ ಅನ್ನ ಬಂತು ಅನ್ನುವುದಕ್ಕಿಂತ, ಇದ್ದ ಅನ್ನ ಹೋಗುವ ಭಯವೇ ದೊಡ್ಡದು. ಮುತ್ತಾತ ಮೂರು ವರ್ಷ ಹಿಂದೆಮುಂದೆ ನೋಡಿದ್ದು ಅದಕ್ಕೇ. ನಾನು ಅವನನ್ನು ಬೈಯುವುದಿಲ್ಲ. ಮನೆ ನಡೆಸುವವನಿಗೆ ಆ ಕಾಳಿನ ಬೆಲೆ ಗೊತ್ತಿತ್ತು.

ನನ್ನ ಮನಸ್ಸು ಹೋದದ್ದು ಎರಡನೆಯ ನಿಯಮದ ಕಡೆ. ಅದು ಅಡಿಗೆಮನೆಯ ನಿಯಮ. ಊರಲ್ಲಿ ದನ ಸತ್ತರೆ ಎತ್ತಿಕೊಂಡು ಹೋಗುವುದು ಕೇರಿಯವರ ಕೆಲಸ, ಅದರ ಮಾಂಸ ಅವರ ಪಾಲು. ಬರದಲ್ಲಿ ದನಗಳು ಸಾಲುಸಾಲಾಗಿ ಸತ್ತವು. ಬರ ಹೋದ ಮೇಲೂ ಮನೆಯಲ್ಲಿ ಕಾಳಿಲ್ಲ. ಗಂಡ ಆ ಪಾಲು ತಂದು ಹೊಸಿಲಲ್ಲಿ ಇಟ್ಟರೆ, ಸೇರಿದವಳು ಏನು ಮಾಡಬೇಕು? ಬೇಯಿಸಿ ಗಂಡನಿಗೂ ಅತ್ತೆಗೂ ಬಡಿಸಿ ತಾನು ಹಸಿದು ಕೂರಬೇಕೆ? ಬೇಯಿಸೋದೇ ಇಲ್ಲ ಅಂತ ಒಲೆ ಮುಂದೆ ಜಗಳಕ್ಕೆ ನಿಲ್ಲಬೇಕೆ? ಯಾವ ಪುಸ್ತಕದಲ್ಲೂ ಇದು ಬರೆದಿಲ್ಲ. ಮಿಶನರಿಗಳು ಎಷ್ಟು ಜನ ಸೇರಿದರು ಅಂತ ಬರೆದರು, ಒಲೆಯ ಮುಂದೆ ಏನಾಯಿತು ಅಂತ ಬರೆಯಲಿಲ್ಲ. ಆದರೆ ಒಂದೇ ಮನೆಯಲ್ಲಿ ಮೂರು ವರ್ಷ, ಹೊರಗೆ ತಮಟೆ, ಒಳಗೆ ಪ್ರಾರ್ಥನೆ, ಇದನ್ನು ಅವಳು ಹೇಗೋ ನಿಭಾಯಿಸಿದಳು. ಸೊಸೆಯಂದಿರಾಗಿ ಹೋದ ನಮಗೆ ಇದು ಬಿಡಿಸಿ ಹೇಳಬೇಕಾದ್ದಲ್ಲ.

ಹಾಗಂತ ಹಸಿವೆಗೂ ಇದಕ್ಕೂ ಸಂಬಂಧವೇ ಇಲ್ಲ ಅಂತ ನಾನು ವಾದ ಮಾಡುವುದಿಲ್ಲ. ಬರ ಬರದಿದ್ದರೆ ಅವಳು ಆ ಕಾಲುವೆಗೆ ಹೋಗುತ್ತಿರಲಿಲ್ಲ, ಬೋಧಕರ ಮಾತು ಕಿವಿಗೆ ಬೀಳುತ್ತಿರಲಿಲ್ಲ. ಊರವರು ಹತ್ತಿರ ಸೇರಿಸದಿದ್ದಾಗ ಯಾರೋ ಹೆಸರು ಹಿಡಿದು ಕರೆದರು ಅನ್ನುವುದೂ ಅವಳಿಗೆ ಅನ್ನದಷ್ಟೇ ದೊಡ್ಡದಾಗಿ ಕಂಡಿರಬಹುದು. ಆದರೆ ಅವಳು ತಿಂದ ಗಂಜಿ ಮಣ್ಣು ಹೊತ್ತು ತಿಂದ ಗಂಜಿ. ನೀರಿಗಿಳಿದದ್ದು ಕೂಲಿಯೂ ಪರಿಹಾರವೂ ನಿಂತ ಮೇಲೆ. ಮಗಳಿಗೆ ಹೇಳಬೇಕಾದ್ದು ಇಷ್ಟೇ ಅಂತ ನನಗನ್ನಿಸಿತು, ಹೇಳಿದೆ. ಅವಳು ಆ ಪುಟದ ಚಿತ್ರವನ್ನು ಫೋನಿನಲ್ಲಿ ಹಿಡಿದು ನೆಂಟರಿಗೆಲ್ಲ ಕಳಿಸಿದಳು. ಪಂಕ್ತಿಯಲ್ಲಿ ನಕ್ಕವರಿಗೂ ಹೋಯಿತು. ಅವರು ಮರುಮಾತು ಬರೆಯಲಿಲ್ಲ.

ನಿಮ್ಮಲ್ಲೂ ಯಾರಿಗಾದರೂ ಹೀಗೆ ಹುಡುಕುವ ಮನಸ್ಸಿದ್ದರೆ ಮೊದಲು ಮನೆಯ ಅತಿ ಹಿರಿಯ ಹೆಂಗಸನ್ನು ಕೇಳಿ. ಗಂಡಸರು ವರ್ಷ ಹೇಳುತ್ತಾರೆ, ಹೆಂಗಸರು ಊರು, ಊಟ, ಬೈಗುಳ, ಆಣೆ ಹೇಳುತ್ತಾರೆ, ಗುರುತು ಇರುವುದು ಅದರಲ್ಲೇ. ಬೈಬಲ್ಲೋ ಭಾರತವೋ, ಮನೆಯ ಹಳೆಯ ಪುಸ್ತಕಗಳ ಮೊದಲ ಪುಟ, ಕೊನೆಯ ಪುಟ ನೋಡಿ. ಮದುವೆ ಫೋಟೋಗಳ ಹಿಂಬದಿ ನೋಡಿ. ಕ್ರಿಶ್ಚಿಯನ್ನರ ಮನೆಯಾದರೆ ಯಾವ ಸಭೆ ಅಂತ ತಿಳಿದುಕೊಂಡು ಹುಡುಕಿ, ಬ್ಯಾಪ್ಟಿಸ್ಟರ ಪುಸ್ತಕದಲ್ಲಿ ಕೂಸಿನ ಹೆಸರು ಹುಡುಕಿದರೆ ದಂಡ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಮಿಶನ್‌ಗಳ ಹಳೆಯ ಕಾಗದಗಳ ಸಂಗ್ರಹ ಇದೆ, ಮೊದಲೇ ಬರೆದು ಕೇಳಿಕೊಂಡು ಹೋಗಬೇಕು. ಇನ್ನೊಂದು ಮಾತು, ಹಳೆಯ ಕಾಗದ ಸಿಕ್ಕಿತು ಅಂತ ಲ್ಯಾಮಿನ��ಷನ್ ಮಾಡಿಸಬೇಡಿ, ಗೋಂದಿನ ಟೇಪು ಹಚ್ಚಬೇಡಿ. ಕಾಗದ ಹಾಳಾಗುತ್ತದೆ, ಮತ್ತೆ ಬಿಡಿಸಲೂ ಆಗುವುದಿಲ್ಲ. ದೊಡ್ಡತ್ತೆಯ ಪತ್ರವನ್ನು ನಾನು ಎರಡು ಬಿಳಿ ಹಾಳೆಗಳ ನಡುವೆ ಮಡಿಸದೆ ಇಟ್ಟು, ದಪ್ಪ ರಟ್ಟಿನ ಫೈಲಿನಲ್ಲಿ ಹಾಕಿದ್ದೇನೆ. ಮೊದಲು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡೆವು.

ಒಂದು ಮಾತ್ರ ಇನ್ನೂ ಬಾಕಿ ಇದೆ. ಆ ಪುಸ್ತಕದಲ್ಲಿ ಅವಳ ಗಂಡನ ಹಳ್ಳಿ ಇದೆ, ಬೋಧಕನ ಹೆಸರಿದೆ, ಅವಳ ತವರೂರು ಇಲ್ಲ. ಯಾರ ಮಗಳು ಅನ್ನುವುದೂ ಇಲ್ಲ. ಮೊನ್ನೆ ಪುಂಡಿ ಸೊಪ್ಪು ಬಿಡಿಸುತ್ತಾ ಕೂತಾಗ ದೊಡ್ಡತ್ತೆಗೆ ಇದ್ದಕ್ಕಿದ್ದಂತೆ ಒಂದು ಮಾತು ನೆನಪಾಯಿತು. ಮುತ್ತಜ್ಜಿ ಯಾವುದನ್ನಾದರೂ ಖಂಡಿತವಾಗಿ ಹೇಳಬೇಕಾದರೆ ‘ಕಂಭಂ ಕೆರೆ ನೀರಾಣೆಗೂ’ ಅನ್ನುತ್ತಿದ್ದಳಂತೆ, ಅದನ್ನೇ ದೊಡ್ಡತ್ತೆಯ ಅಜ್ಜಿಯೂ ಅನ್ನುತ್ತಿದ್ದರಂತೆ. ಕಂಭಂ ಕೆರೆ ಅಂದರೆ ವಿಜಯನಗರದ ಕಾಲದ್ದು, ಕೃಷ್ಣದೇವರಾಯನ ರಾಣಿ ಕಟ್ಟಿಸಿದ್ದು ಅಂತ ಹೇಳುತ್ತಾರೆ. ಕಟ್ಟಿರುವುದೂ ಅದೇ ಗುಂಡ್ಲಕಮ್ಮ ನದಿಗೆ. ಕಂಭಂನಲ್ಲೂ ಹಳೆಯ ಸಭೆ ಇದೆ, ಒಂಗೋಲಿನ ಹಿರಿಸಭೆಯಿಂದ 1880ರ ದಶಕದಲ್ಲಿ ಬೇರೆಯಾದದ್ದು. ಅಲ್ಲಿಯ ಪಾದ್ರಿಯವರಿಗೆ ಯಜಮಾನರ ಕೈಲಿ ತೆಲುಗಿನಲ್ಲಿ ಕಾಗದ ಬರೆಸಿ ಹಾಕಿದ್ದೇನೆ. ಮಗಳ ಪರೀಕ್ಷೆ ಮುಗಿದ ಮೇಲೆ ಹೊರಡುವುದು ಅಂತ ಮಾತಾಗಿದೆ, ದೊಡ್ಡತ್ತೆ ತಾನೂ ಬರುತ್ತೇನೆ ಅಂತ ಈಗಲೇ ಸೀರೆ ಆರಿಸಿಟ್ಟಿದ್ದಾರೆ.